ತಟ್ಟೆಯ ತೂತು

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

“ನಿನ್ನ ಕಡೆ ಸ್ವಲ್ಪ ಎತ್ತಪ್ಪಾ!” ಕೆಳಗಿನ ತುದಿ ಹಿಡಿದಿದ್ದ ಬೋಳಣ್ಣ ಕೂಗಿದ.

“ಎತ್ತಿ ಎತ್ತಿ ನನ್ನ ಸೊಂಟ ಬಿದ್ದೋಯ್ತು. ಬದುಕಿದ್ದಾಗ ಮಾವ ಇಷ್ಟು ತೂಕ ಇರಲಿಲ್ಲ,” ಎಂದ ಅಳಿಯ.

“ಅಳತೆ ನೋಡದೆ ಪೆಟ್ಟಿಗೆ ತಂದ್ರೆ ಇನ್ನೇನಾಗತ್ತೆ? ತಗಡಪ್ಪ ಇದ್ದಿದ್ರೆ ಮೂಲೆ ಬಡಿದು ಸರಿ ಮಾಡ್ತಿದ್ದ,” ಎಂದಳು ಪಕ್ಕದ ಮನೆಯ ಅಜ್ಜಿ. ಯಾರೋ ಕಿಸಕ್ಕನೆ ನಕ್ಕರು. ತಗಡಪ್ಪ ಪೆಟ್ಟಿಗೆಯೊಳಗೇ ಇದ್ದ.

ಬೀದಿಯವರ ತೂತು ಬಿದ್ದ ಕೊಡ, ಬಕೆಟ್ಟು, ಕೊಳಾಯಿಗಳಿಗೆ ನಲವತ್ತು ವರ್ಷ ಬೆಸುಗೆ ಹಾಕಿದ ಕೈ ಅವನದು. ನಡುವೆ ಮೂರು ವರ್ಷ ಮಾತ್ರ ಅಂಗಡಿ ಮುಚ್ಚಿತ್ತು. ಜಗಳದಲ್ಲಿ ಒಬ್ಬನ ತಲೆ ಒಡೆದು ಜೈಲಿಗೆ ಹೋಗಿದ್ದ. ಬೋಳಣ್ಣ ಅಲ್ಲಿ ಸಿಕ್ಕಿದ ಗೆಳೆಯ. ಆ ಬ್ಯಾರಕ್ಕಿನಲ್ಲಿ ಬೋಳಣ್ಣನ ಮಾತೇ ಮಾತು.

ತಗಡಪ್ಪನ ಮಗಳು ತನ್ನ ಪುಟ್ಟ ಹುಡುಗಿಯೊಂದಿಗೆ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂಬುದೊಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

“ಇನ್ನೊಂದು ಕೈ ಬೇಕು ಕಣ್ರಯ್ಯಾ!” ಎಂದ ಅಳಿಯ.

ಬೀದಿಬಾಗಿಲಲ್ಲಿ ನಿಂತಿದ್ದ ತೆಳ್ಳನೆಯ ಮುದುಕನೊಬ್ಬ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಬಂದು ಪೆಟ್ಟಿಗೆಯ ಮೂಲೆಗೆ ಕೈಕೊಟ್ಟ. ಬೋಳಣ್ಣ ಅವನ ಮುಖ ನೋಡಿದ. ಮತ್ತೊಮ್ಮೆ ನೋಡಿದ.

“ಏಯ್, ತೆಗಿ ಕೈ! ಈ ಟೈಲರನ್ನ ಯಾರು ಒಳಗೆ ಬಿಟ್ಟಿದ್ದು?”

“ನಾನೇ ಹೇಳಿ ಕಳಿಸಿದ್ದು,” ಎಂದಳು ಮಗಳು.

“ಇವನು ಎಂಥವನು ಅಂತ ಗೊತ್ತೇನಮ್ಮಾ ನಿಂಗೆ? ಚಿಕ್ಕ ಮಗು ಮೇಲೆ ಕೈ ಹಾಕಿ ಜೈಲಿಗೆ ಬಂದವನು. ಮೊದ್ಲು ನಿನ್ನ ಮಗಳನ್ನ ರೂಮಿಗೆ ಕಳಿಸು. ಇವನು ಮುಟ್ಟಿದ್ರೆ ನಾನು ಪೆಟ್ಟಿಗೆ ಬಿಟ್ಬಿಡ್ತೀನಿ, ನೋಡು ಮತ್ತೆ.”

ಅಜ್ಜಿ ಆಗಲೇ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

* * *

ಆ ಬ್ಯಾರಕ್ಕಿನಲ್ಲಿ ಒಂದು ಪದ್ಧತಿಯಿತ್ತು. ಮಕ್ಕಳ ಮೇಲಿನ ಅಪರಾಧಕ್ಕೆ ಶಿಕ್ಷೆಯಾದವನು ಬಂದರೆ ಅವನ ತಟ್ಟೆಯ ನಡುವೆ ಮೊಳೆಯಿಂದ ತೂತು ಹೊಡೆಯುವುದು. ಗಂಜಿ ಸೋರಿ ಹೋಗುವ ಮೊದಲು ಅವನು ಕುಡಿಯಬೇಕು, ಇಲ್ಲವೇ ಕೆಳಗಿನಿಂದ ಬೆರಳು ಒತ್ತಿ ಹಿಡಿದು ಸುಟ್ಟುಕೊಳ್ಳಬೇಕು. ಮಲಗುವುದು ಕಕ್ಕಸಿನ ಪಕ್ಕ. ಅವನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಏಟು ಬೇಕಾದವರು ಬೇಕಾದಾಗ ಹಾಕಬಹುದು, ಕಾವಲಿನವರು ಆಗ ಬೇರೆ ಕಡೆ ನೋಡುತ್ತಿದ್ದರು. ಕೊಂದವನಿಗೂ ಕದ್ದವನಿಗೂ ತನಗಿಂತ ಕೀಳಾದವನೊಬ್ಬ ಬೇಕಿತ್ತು, ಅಷ್ಟೇ.

ತೂತು ಹೊಡೆಯುವ ಕೆಲಸ ತಗಡಪ್ಪನ ಪಾಲಿಗೆ ಬಂತು. ಕೈಚಳಕ ಇದ್ದವನಲ್ಲವೇ!

ಒಂದು ದಿನ ಇಬ್ಬರು ಹೊಸಬರು ಬಂದರು. ಅವರಲ್ಲೊಬ್ಬ ಅಂಥ ಕೇಸಿನವನು. “ಬಾಗಿಲ ಹತ್ತಿರ ಮಲಗಿದಾನಲ್ಲ, ಅವನ ತಟ್ಟೆ,” ಎಂದ ಬೋಳಣ್ಣ. ಆ ಹೊತ್ತಿಗೆ ಹೊಸಬರು ಜಾಗ ಬದಲಾಯಿಸಿಕೊಂಡಿದ್ದರು. ಅದು ಯಾರಿಗೂ ತಿಳಿದಿರಲಿಲ್ಲ. ತೂತು ಬಿದ್ದದ್ದು ಕದ್ದ ಬಟ್ಟೆ ಮಾರಿ ಸಿಕ್ಕಿಬಿದ್ದ ಟೈಲರನ ತಟ್ಟೆಗೆ.

“ನಾನಲ್ಲ,” ಎಂದ ಟೈಲರ್. ಅಂಥವರೆಲ್ಲ ಹಾಗೇ ಅನ್ನುತ್ತಿದ್ದರು.

* * *

ಹೋದ ವಾರ ಆಸ್ಪತ್ರೆಯ ಮಂಚದಲ್ಲಿ ಅಪ್ಪ ಇದನ್ನು ಹೇಳಿದಾಗ ಮಗಳು ಕಿತ್ತಳೆ ಸುಲಿಯುತ್ತಿದ್ದಳು.

“ಎರಡು ತಿಂಗಳಿಗೆ ಗೊತ್ತಾಯ್ತು ಕಣೆ. ಆ ಇನ್ನೊಬ್ಬ ಹೊಸಬನನ್ನ ಬೇರೆ ಜೈಲಿಗೆ ಕರ್ಕೊಂಡು ಹೋಗೋವಾಗ ಮಗು ಕೇಸು ಇವನದೇ ಅಂತ ಕಾವಲಿನವರು ಮಾತಾಡ್ಕೊಂಡ್ರು. ನಾನು ಅಡುಗೆಮನೆಲಿ ಹಂಡೆಗೆ ಬೆಸುಗೆ ಹಾಕ್ತಿದ್ದೆ.”

“ಆಮೇಲೆ?”

“ಆಮೇಲೇನು. ಒಂದು ಹನಿ ಸಾಕಿತ್ತು ಆ ತೂತಿಗೆ. ಹಾಕಿದ್ರೆ ಬೋಳಣ್ಣ ಯಾಕೆ ಅಂತಿದ್ದ. ಅವನದೇ ತಪ್ಪು ಅಂತ ನಾನು ಹೇಳ್ಬೇಕಿತ್ತು. ಹೇಳಿದ್ರೆ ನನ್ನ ತಟ್ಟೆಗೂ ತೂತು ಬೀಳ್ತಿತ್ತು.” ಕಿತ್ತಳೆಯ ತೊಳೆ ಅವನ ಕೈಯಲ್ಲೇ ಉಳಿದಿತ್ತು. “ಎರಡು ವರ್ಷ ಅವನು ಬೆರಳು ಒತ್ಕೊಂಡು ಕುಡಿದ. ನಾನು ಎದುರಿಗೇ ಕೂತು ಕುಡಿದೆ. ನಾನು ಸತ್ತಮೇಲೆ ಆ ಟೈಲರಿಗೆ ಹೇಳಿ ಕಳಿಸು. ಈಗ ಮುಖ ತೋರಿಸೋ ಧೈರ್ಯ ಇಲ್ಲ.”

* * *

ಟೈಲರ್ ಕೈ ತೆಗೆದಿದ್ದ.

“ಹೋಗ್ತೀನಮ್ಮ. ಒಳಗೆ ಅಷ್ಟು ಜನರಲ್ಲಿ ನಿಮ್ಮಪ್ಪ ಒಬ್ಬರೇ ನನ್ನ ಮೇಲೆ ಕೈ ಎತ್ತಿರಲಿಲ್ಲ. ಅದಕ್ಕೇ ಬಂದೆ.”

ಅವನು ಒಂದು ಮೆಟ್ಟಿಲು ಇಳಿದ. ಇನ್ನೆರಡು ಮೆಟ್ಟಿಲು ಇಳಿದರೆ ಮುಗಿಯಿತು. ಅಪ್ಪ ಒಳ್ಳೆಯವನಾಗಿಯೇ ಮಣ್ಣಿಗೆ ಹೋಗುತ್ತಾನೆ, ಬೀದಿಯವರು ನಾಲ್ಕು ಒಳ್ಳೆಯ ಮಾತಾಡುತ್ತಾರೆ. ನಿಜ ಗೊತ್ತಿರುವುದು ಈಗ ತನಗೊಬ್ಬಳಿಗೇ. ಸುಮ್ಮನಿರುವುದು ಎಷ್ಟು ಸುಲಭ ಎಂದು ಮಗಳಿಗೆ ಭಯವಾಯಿತು.

“ನಿಲ್ಲಿ,” ಎಂದಳು. “ಬೋಳಣ್ಣ ಮಾವ, ಇವರಲ್ಲ ಅದು. ಅವತ್ತು ಬಂದ ಇನ್ನೊಬ್ಬ. ಅಪ್ಪ ತೂತು ಹೊಡೆದಿದ್ದು ತಪ್ಪು ತಟ್ಟೆಗೆ.”

“ಯಾರು ಹೇಳಿದ್ದು?”

“ಅಪ್ಪಾನೇ. ಅಪ್ಪನಿಗೆ ಗೊತ್ತಿತ್ತು. ಎರಡು ವರ್ಷ ಗೊತ್ತಿದ್ದೂ ಸುಮ್ಮನಿದ್ದ. ನಿಮಗೆ ಹೆದರಿ.”

ಅಳಿಯ “ಇವತ್ತೇ ಹೇಳ್ಬೇಕಿತ್ತಾ ಇದನ್ನ?” ಎಂದು ಗೊಣಗಿದ. ಬೋಳಣ್ಣ ಟೈಲರನತ್ತ ತಿರುಗಿದ, ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಒಳಗೆ ಏನೋ ಸರಿದ ಸದ್ದಾಯಿತು.

ಟೈಲರ್ ಪೆಟ್ಟಿಗೆಯ ಮುಚ್ಚಳವನ್ನೇ ನೋಡುತ್ತ ನಿಂತ. “ಗೊತ್ತಿತ್ತಾ,” ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಮಗಳು ಅವನ ಮುಖ ನೋಡಲಾರದೆ ಅವನ ಕಾಲು ನೋಡಿದಳು. ಆ ಕಾಲು ಕೆಳಗೆ ಇಳಿಯುತ್ತದೆ ಅಂದುಕೊಂಡಳು.

“ನಿಲ್ಲಿಸಿ ತಿರುಗಿಸಿದ್ರೆ ಬರತ್ತೆ,” ಎಂದ ಟೈಲರ್ ಕೊನೆಗೆ, ಅಳತೆ ನೋಡುವವನ ಹಾಗೆ. ಮತ್ತೆ ಮೂಲೆಗೆ ಕೈಕೊಟ್ಟ. ಬೋಳಣ್ಣ ಪೆಟ್ಟಿಗೆ ಬಿಡಲಿಲ್ಲ. ಪೆಟ್ಟಿಗೆ ಇಳಿಯಿತು.

ಮಣ್ಣು ಮಾಡಿ ಬಂದಮೇಲೆ ಊಟಕ್ಕೆ ಕೂತರು. ಬಾಡಿಗೆಗೆ ತಂದ ಹೊಸ ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ಟೈಲರ್ ಗೋಡೆಯ ತುದಿಯಲ್ಲಿ ಕೂತ. ಬೋಳಣ್ಣ ದೂರದಲ್ಲಿ ಕೂತು ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಮಗಳು ತಾನೇ ಟೈಲರನಿಗೆ ತಟ್ಟೆ ಕೊಟ್ಟು ಬಿಸಿ ಗಂಜಿ ಬಡಿಸಿದಳು.

“ಸುಡತ್ತೆ, ಕೆಳಗಿಟ್ಕೊಂಡು ಊಟ ಮಾಡಿ.”

“ಹ್ಞೂಂ,” ಎಂದ ಟೈಲರ್.

ಕೆಳಗಿಡಲಿಲ್ಲ. ತಟ್ಟೆಯನ್ನು ಬಾಯಿಯ ಹತ್ತಿರ ಎತ್ತಿ ಹಿಡಿದು ಬೇಗ ಬೇಗ ಕುಡಿಯತೊಡಗಿದ. ಅವನ ಎಡಗೈಯ ನಡುಬೆರಳು ತಟ್ಟೆಯ ಅಡಿಯಲ್ಲಿ ನಟ್ಟನಡುವೆ ಒತ್ತಿಕೊಂಡಿತ್ತು.