ಮೇಸ್ತ್ರಿಯ ಕರುಳು ಎಚ್ಚರವಾದದ್ದು

ನನ್ನಪ್ಪ ಕೂಡಿಸಿದ ಪೈಪು ಸೋರಿದ್ದನ್ನು ನೋಡಿದವರು ಯಾರಾದರೂ ಇದ್ದರೆ ಮುಂದೆ ಬರಲಿ. ಈ ಊರಿನ ಅರ್ಧಕ್ಕರ್ಧ ಕಟ್ಟಡಗಳ ಗೋಡೆಯೊಳಗೆ ಅವನ ಕೈಕೆಲಸ ಇದೆ. ಅದು ಕಣ್ಣಿಗೆ ಬೀಳುವುದಿಲ್ಲ; ಬಿದ್ದರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ. ಊರೆಲ್ಲ ಅವನನ್ನು ಮೇಸ್ತ್ರಿ ಅನ್ನುತ್ತದೆ. ಮೀಸೆ ಮೂಡುವ ಮೊದಲೇ ನಾನು ಶಾಲೆಗೆ ಕೈಮುಗಿದು ಅವನ ಹಿಂದೆ ಪೈಪು ಹೊತ್ತವನು. ಬರೀ ಹೊಟ್ಟೆಪಾಡಿಗೆ ಹೊತ್ತದ್ದಲ್ಲ. ಅವನಂತಾಗಬೇಕೆಂದು ಹೊತ್ತದ್ದು.

ಅಂಥವನ ಒಳಗಿನ ಲೈನೇ ಕಟ್ಟಿಕೊಂಡಿತು. ಸಣ್ಣ ಕರುಳು ಹಗ್ಗದ ಹಾಗೆ ಹೊಸೆದುಕೊಂಡು ಒಂದು ತುಂಡು ಕಪ್ಪಾಗಿತ್ತಂತೆ. ಸರ್ಜನ್ ಆ ತುಂಡನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿ ಸೇರಿಸಿ ಹೊಲಿದಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದಾದ ಹೆಣ್ಣುಮಗಳು. ಮಂಪರು ಇಳಿದ ಮೇಲೆ ಅಪ್ಪ ಆಕೆಯನ್ನು ಕೇಳಿದ ಮೊದಲ ಮಾತು ನೋವಿನದಲ್ಲ.

"ಮುಚ್ಚೋ ಮೊದ್ಲು ನೀರು ಬಿಟ್ಟು ನೋಡಿದ್ರಾ?"

ಆಕೆ ನಕ್ಕರು. ಹೊಲಿಗೆಯನ್ನು ಕಣ್ಣಾರೆ ನೋಡಿಯೇ ಮುಚ್ಚಿದ್ದೇವೆ, ಆದರೆ ಕರುಳಿನ್ನೂ ಮಲಗಿದೆ, ಗಾಳಿ ಹೋಗುವ ತನಕ ತೊಟ್ಟು ನೀರೂ ಗಂಟಲಿಗಿಳಿಯಬಾರದು, ಹೋದ ಕೂಡಲೇ ಹೇಳಿ ಅಂದರು. ಅಪ್ಪ ಮುಖವನ್ನು ಗೋಡೆಗೆ ತಿರುಗಿಸಿಬಿಟ್ಟ.

ಅವನ ಕಷ್ಟ ಅಮ್ಮನಿಗೆ ಗೊತ್ತು. ಮದುವೆಯಾದಾಗಿನಿಂದ ಆ ಸದ್ದನ್ನು ಅವಳಿಗೂ ಕೇಳಿಸದ ಮರ್ಯಾದಸ್ಥ ಅವನು. ಅಂಥ ಮನುಷ್ಯನನ್ನು ಸರ್ಜನ್ ದಿನಾ ರೌಂಡ್ಸಿಗೆ ಬಂದಾಗ ಇಡೀ ವಾರ್ಡಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದರು: ಗಾಳಿ ಹೋಯಿತಾ? ಪಕ್ಕದ ಮಂಚದ ದರ್ಜಿ ಹೊದಿಕೆಯೊಳಗೆ ಕಿಸಿಕಿಸಿ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಿವಿಯ ಹತ್ತಿರ ಬಂದು ಕೇಳಿದರೆ ಇವರ ಗಂಟೇನು ಹೋಗುತ್ತದೆ? ಅಮ್ಮ ನನ್ನ ಮುಂಗೈ ಬಿಗಿಯಾಗಿ ಹಿಡಿದುಕೊಂಡು ಕೂರುತ್ತಿದ್ದಳು.

ಬಾಯಿ ಒಣಗುತ್ತದೆಂದು ಮುಕ್ಕಳಿಸಿ ಉಗಿಯಲು ಒಂದು ಲೋಟ ನೀರು, ಒಂದು ಬೋಗುಣಿ ಇಟ್ಟಿದ್ದರು. ಒಂದು ಬೆಳಿಗ್ಗೆ ನಾನು ಔಷಧಿ ತಂದು ನೋಡುತ್ತೇನೆ, ಲೋಟ ಖಾಲಿ, ಬೋಗುಣಿ ಒಣಗಿದೆ. ಅಪ್ಪ ಹೊಟ್ಟೆಯ ಮೇಲೆ ಅಂಗೈ ಇಟ್ಟು, ವಾಲ್ವು ತೆರೆದು ಗೋಡೆಗೆ ಕಿವಿಗೊಟ್ಟವನ ಹಾಗೆ ಮಲಗಿದ್ದ.

"ಟೆಸ್ಟಿಂಗ್," ಅಂದ.

ಮಧ್ಯಾಹ್ನದೊಳಗೆ ಅವನ ಹೊಟ್ಟೆ ನಗಾರಿಯಂತೆ ಬಿಗಿಯಿತು. ಹಸಿರು ಹಸಿರಾಗಿ ವಾಂತಿ ಮಾಡಿಕೊಂಡ. ಹಿರಿಯ ನರ್ಸ್ ಓಡಿಬಂದು ಮೂಗಿನಿಂದ ಜಠರಕ್ಕೆ ನಳಿಗೆ ಇಳಿಸಿದರು. ವಾರ್ಡಿನಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕ. ಸರ್ಜನ್ ಬಂದರು, ಈ ಸಲ ನಗಲಿಲ್ಲ. ನಾಳೆ ರೌಂಡ್ಸಿನ ಹೊತ್ತಿಗೆ ಕರುಳು ಅಲುಗಾಡದಿದ್ದರೆ ಹೊಲಿಗೆ ಬಿಟ್ಟಿದೆಯೋ ಏನೋ, ಮತ್ತೆ ಹೊಟ್ಟೆ ತೆರೆದು ನೋಡಬೇಕಾಗಬಹುದು ಎಂದರು. ಈ ವಯಸ್ಸಿಗೆ ಎರಡನೆಯ ಸಲ ಸುಲಭವಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಅಮ್ಮ ಖಾಲಿ ಲೋಟ ಎತ್ತಿ ಮಂಚದಿಂದ ದೂರ ಇಟ್ಟಳು.

ನಾನು ದೊಡ್ಡಕ್ಕನ ಮೇಲೆ ಹರಿಹಾಯ್ದೆ. ಬಾಯಾರಿದವನ ಪಕ್ಕ ನೀರಿಟ್ಟು ಹೋಗುವುದು ಯಾವ ಊರಿನ ಬುದ್ಧಿ ಅಂದೆ. ಅವರು ನಳಿಗೆಗೆ ಪಟ್ಟಿ ಅಂಟಿಸುತ್ತ, ತಲೆ ಎತ್ತದೆ ಹೇಳಿದರು: "ಬಾಯಿ ಮುಚ್ಕೊಂಡು ಸ್ಟೂಲ್ ಮೇಲೆ ಕೂತ್ಕೋ ತಮ್ಮಾ. ಅಪ್ಪ ಮಗ ಇಬ್ಬರಿಗೂ ಒಟ್ಟಿಗೇ ಹೇಳ್ತೀನಿ."

ಕೂತೆ. ಅವರು ಹೇಳುತ್ತ ಹೋದರು. ತುತ್ತು ಬಾವಿಗೆ ಬಿದ್ದ ಕಲ್ಲಿನ ಹಾಗೆ ಹೊಟ್ಟೆಗೆ ಬೀಳುವುದಲ್ಲವಂತೆ. ಹಲ್ಲು ಅರೆದು ಎಂಜಲು ನೆನೆಸಿದ್ದನ್ನು ಅನ್ನನಾಳ ಹಿಂಡಿ ಹಿಂಡಿ ತಳ್ಳುತ್ತದೆ. ತಲೆಕೆಳಗಾಗಿ ನಿಂತು ನುಂಗಿದರೂ ಅದು ಜಠರಕ್ಕೇ ಹೋಗಿ ಸೇರುತ್ತದೆ. ಜಠರ ಉಗ್ರ ಹುಳಿ ಸುರಿದು ನಾದಿ ನಾದಿ ಗಂಜಿ ಮಾಡುತ್ತದೆ. ತನ್ನ ಹುಳಿಗೆ ತಾನೇ ಸುಡದಿರಲಿ ಎಂದು ಒಳಗೆಲ್ಲ ಲೋಳೆ ಬಳಿದುಕೊಂಡಿರುತ್ತದೆ. ಆಮೇಲೆ ಬಾಗಿಲು ತೆರೆದು ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಅಲ್ಲಿಗೆ ಪಕ್ಕದಿಂದ ಬಂದು ಸೇರುವ ಲೈನಿನಲ್ಲಿ ಪಿತ್ತರಸ ಇಳಿಯುತ್ತದೆ, ಜಿಡ್ಡನ್ನು ಒಡೆಯಲು. ಅಪ್ಪ ಹಸಿರಾಗಿ ಕಾರಿದ್ದು ಅದನ್ನೇ. ಮುಂದೆ ಹೋಗಲು ದಾರಿ ಸಿಗದೆ ಅದು ಬಂದ ದಾರಿ ಹಿಡಿದಿತ್ತು.

"ಈ ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಹಾಗೆ," ಅಂದರು ದೊಡ್ಡಕ್ಕ. "ಅರಗಿದ ಅನ್ನದ ಸಾರವೆಲ್ಲ ಆ ಗೋಡೆ ದಾಟಿ ರಕ್ತಕ್ಕೆ ಸೋರುತ್ತೆ."

ಅಲ್ಲಿಯವರೆಗೆ ಕಣ್ಣುಮುಚ್ಚಿದ್ದ ಅಪ್ಪ ಕಣ್ಣು ಬಿಟ್ಟ. "ಸೋರುತ್ತಾ?"

"ಸೋರೋದೇ ಅದರ ಕೆಲಸ ಮೇಸ್ತ್ರಿ. ಇಲ್ಲಾಂದ್ರೆ ತಿಂದಿದ್ದೆಲ್ಲ ಆ ಕಡೆಯಿಂದ ಹಾಗೇ ಹೋಗ್ತಿತ್ತು. ನಿಮ್ಮ ರಟ್ಟೇಲಿ ಇಷ್ಟು ಕಸುವು ಎಲ್ಲಿಂದ ಬರ್ತಿತ್ತು?"

ಜೀವಮಾನವೆಲ್ಲ ಸೋರಿಕೆಯ ಜೊತೆ ಗುದ್ದಾಡಿದವನು ಸೂರು ನೋಡುತ್ತ ಮಲಗಿದ. ಉಳಿದ ನೀರನ್ನು ದೊಡ್ಡ ಕರುಳು ಒದ್ದೆ ಬಟ್ಟೆಯಿಂದ ಹಿಂಡಿಕೊಂಡಂತೆ ಹಿಂಡಿ ಇಟ್ಟುಕೊಳ್ಳುತ್ತದಂತೆ. ಇದು ಪೈಪಲ್ಲ, ಜೀವ ಇರುವ ವಸ್ತು, ಕೈ ತಾಗಿದ್ದಕ್ಕೆ ಮುನಿಸಿಕೊಂಡು ಮಲಗಿದೆ, ತಾನಾಗಿ ಏಳುವ ತನಕ ನೀರು ಸುರಿದರೆ ಮುಂದಕ್ಕೆ ತಳ್ಳುವವರಿಲ್ಲ ಎಂದರು ದೊಡ್ಡಕ್ಕ. ಎದ್ದದ್ದಕ್ಕೆ ಮೊದಲ ಗುರುತು ಗಾಳಿ.

ಅಪ್ಪ ಅವರ ಕಡೆ ತಲೆ ಹೊರಳಿಸಿ, "ಸರಿ ಮತ್ತೆ. ನಿಂತ ಲೈನು ಶುರುವಾದ್ರೆ ನಲ್ಲೀಲಿ ಮೊದ್ಲು ಗಾಳೀನೇ ಬರೋದು," ಅಂದ. "ಆ ಡಾಕ್ಟರಮ್ಮ ಇದನ್ನ ಮೊದ್ಲೇ ಹೇಳಬಾರದಿತ್ತಾ?"

"ಹೇಳಿದ್ರು. ನೀವು ಗೋಡೆ ಕಡೆ ತಿರುಗಿದ್ರಿ."

ನಡೆದಾಡಿದರೆ ಮೈಗೂ ಕರುಳಿಗೂ ಒಳ್ಳೆಯದು ಅಂದದ್ದೇ ತಡ, ಅಪ್ಪ ಎದ್ದ. ಹೊಟ್ಟೆಯ ಮೇಲೆ ಅಷ್ಟುದ್ದ ಹೊಲಿಗೆ. ಒಂದು ಕೈಯಲ್ಲಿ ಸಲೈನಿನ ಕಂಬ, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಬೆರಳು ನನ್ನ ಮೂಳೆಗೆ ಇಳಿಯುತ್ತಿತ್ತು. ಆದರೆ ಬಾಯಿಂದ ಉಸ್ ಎನ್ನುವ ಸದ್ದೂ ಹೊರಡಲಿಲ್ಲ. ಕಾರಿಡಾರಿನ ಈ ತುದಿ, ಆ ತುದಿ, ಮತ್ತೆ ಈ ತುದಿ. ದರ್ಜಿ ನಗುವುದನ್ನು ಬಿಟ್ಟು ಎದ್ದು ಕೂತು ನೋಡುತ್ತಿದ್ದ. ನೋಡಲಿ, ಕಣ್ತುಂಬ ನೋಡಲಿ ಅಂದುಕೊಂಡೆ.

ಸಂಜೆ ದೊಡ್ಡಕ್ಕ ಸ್ಟೆತಾಸ್ಕೋಪನ್ನು ಅಪ್ಪನ ಹೊಟ್ಟೆಗೆ ಒತ್ತಿ ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೆ ಸಿಕ್ಕಿಸಿದರು. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ದೂರದಲ್ಲಿ, ಮೇಲಿನ ಮಹಡಿಯ ಪೈಪಿನಲ್ಲಿ ಯಾರೋ ನೀರು ಬಿಟ್ಟ ಹಾಗೆ ಗುಳುಗುಳು. ನಿಂತಿತು. ಮತ್ತೆ ಗುಳುಗುಳು. ನನ್ನನ್ನು ಸಾಕಿದ ಕರುಳು ಅದು. ಕಣ್ಣಲ್ಲಿ ನೀರು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಆದರೆ ಇದಿನ್ನೂ ಸಾಲದು, ಹೊರಗೆ ಬರಬೇಕು ಅಂದರು ದೊಡ್ಡಕ್ಕ.

ಮರುದಿನ ರೌಂಡ್ಸಿನ ಹೊತ್ತು. ಕಾರಿಡಾರಿನ ಬೆಂಚುಗಳ ತುಂಬ ರೋಗಿಗಳ ಕಡೆಯವರು. ಆ ತುದಿಯಿಂದ ಸರ್ಜನ್ ತಮ್ಮ ದಂಡು ಕಟ್ಟಿಕೊಂಡು ಬರುತ್ತಿದ್ದರು, ಈ ತುದಿಯಿಂದ ನಾವು ಮೂವರು. ಅಪ್ಪ ತಟ್ಟನೆ ನಿಂತ. ಗೋಡೆಯ ಕಂಬಿ ಹಿಡಿದ. ಅವನ ಮುಖ ಕೆಂಪಾದದ್ದು ನೋಡಿ, ತಡೆದುಕೊಳ್ಳುತ್ತಿದ್ದಾನೆ ಎಂದು ಗೊತ್ತಾಯಿತು.

"ಬಿಟ್ಬಿಡಿ," ಅಂದಳು ಅಮ್ಮ ಮೆಲ್ಲಗೆ.

ಬಂತು. ಉದ್ದಕ್ಕೆ, ಕಾರಿಡಾರಿಗೆ ಕಾರಿಡಾರೇ ತಿರುಗಿ ನೋಡುವ ಹಾಗೆ. ಬೆಂಚಿನ ಮೇಲಿದ್ದ, ಮಿರಿಮಿರಿ ಬೂಟಿನವನೊಬ್ಬ ಮೂಗಿಗೆ ಕರವಸ್ತ್ರ ಹಿಡಿದು ನಕ್ಕ. ನಾನು ಅವನ ಕಡೆ ಹೆಜ್ಜೆ ಕಿತ್ತಿದ್ದೆ, ಅಪ್ಪ ಮೊಣಕೈ ಅಡ್ಡ ಹಾಕಿದ. ಬೆನ್ನು ನೆಟ್ಟಗೆ ಮಾಡಿದ. ಕೆಲಸ ಮುಗಿದ ಮೇಲೆ ಮನೆಯ ಯಜಮಾನರನ್ನು ಕರೆದು ತೋರಿಸುವ ದನಿಯಲ್ಲಿ, ಅಷ್ಟು ದೂರದಿಂದಲೇ ಹೇಳಿದ:

"ಡಾಕ್ಟರಮ್ಮ, ಹೂಸು ಹೋಯ್ತು."

ಗಾಳಿ ಅನ್ನಲಿಲ್ಲ. ಅಮ್ಮ ತಲೆ ತಗ್ಗಿಸಿದಳು, ಹೆಗಲು ಕುಲುಕುತ್ತಿತ್ತು. ಸರ್ಜನ್ ಬೇಗಬೇಗ ಬಂದು, ಗೋಡೆಗೆ ಒರಗಿಸಿ, ಬೆರಳಿನಿಂದ ಅವನ ಹೊಟ್ಟೆ ಒತ್ತಿ ನೋಡಿದರು. ಮೆತ್ತಗಾಗಿತ್ತು. ತೆರೆಯುವ ಮಾತೇ ಇಲ್ಲ ಮೇಸ್ತ್ರಿ, ಹೊಲಿಗೆ ಗಟ್ಟಿಯಾಗಿದೆ ಅಂದರು.

"ಒಳ್ಳೆ ಜಾಯಿಂಟು," ಅಂದ ಅಪ್ಪ. ಅವನ ಬಾಯಿಂದ ಆ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಆಮೇಲೆ ಬೂಟಿನವನ ಎದುರು ಹೋಗಿ ನಿಂತ. ಅವನು ಕರವಸ್ತ್ರ ಇಳಿಸಿದ.

"ನಿಮ್ಮ ಕಡೆಯವರಿಗೆ ಆಯ್ತಾ?" ಎಂದು ಕೇಳಿದ ಅಪ್ಪ.

"ಇಲ್ಲ ಯಜಮಾನ್ರೇ," ಅಂದ ಅವನು. ನಗು ಎಲ್ಲಿ ಹೋಗಿತ್ತೋ. "ನಮ್ಮ ತಾಯಿ. ಮೊನ್ನೆಯಿಂದ ಕಾಯ್ತಾ ಇದೀವಿ."

"ಕೈ ಹಿಡಿದು ನಡೆಸಿ. ನಾಚಿಕೆ ಪಡಬೇಡಿ ಅನ್ನಿ. ಬರುತ್ತೆ."

ಅವನು ಎದ್ದು ಒಳಗೆ ಹೋದ. ಅಪ್ಪ ಸಲೈನಿನ ಕಂಬ ತಳ್ಳಿಕೊಂಡು ವಾರ್ಡಿನ ಕಡೆ ನಡೆದ. ಈ ಸಲ ನನ್ನ ಹೆಗಲು ಹಿಡಿಯಲಿಲ್ಲ.