ನಾಲ್ಕನೇ ಸೊನ್ನೆ

"ಆ ಸ್ಟೂಲ್ ಮುಟ್ಟಬೇಡ, ನೆಲದ ಮೇಲೆ ಕೂತ್ಕೊ. ವಾಸನೆ ಹತ್ತಿದ್ರೆ ಹೋಗಲ್ಲ," ಎಂದ ಫಾರಂ ತುಂಬುವವನು, ಸ್ಟೂಲನ್ನು ಕಾಲಿನಲ್ಲೇ ತನ್ನ ಕಡೆಗೆ ಎಳೆದುಕೊಳ್ಳುತ್ತಾ.

ಹೆಣದಕ್ಕ ನೆಲದ ಮೇಲೆ ಕೂತಳು. ಆಸ್ಪತ್ರೆಯ ಶವಾಗಾರದಲ್ಲಿ ಹೆಣ ಕೊಯ್ಯಲು ಹಿಡಿದು ಅವಳಿಗೆ ಇಪ್ಪತ್ತೆಂಟು ವರ್ಷ. ಆ ಹೆಸರು ಬಿಟ್ಟು ಬೇರೆ ಹೆಸರಿನಿಂದ ಅವಳನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ. ಬೆಳಿಗ್ಗೆ ಎರಡು ಸಲ ಸೋಪು ಹಚ್ಚಿ ಮಿಂದು, ಒಗೆದ ಬಟ್ಟೆ ಉಟ್ಟು ಬಂದಿದ್ದಳು.

ಕುಡಿತ ರಕ್ತದಲ್ಲೇ ಇಳಿದು ಬರುತ್ತದೆಯೇ, ಕುಡಿಯುವ ಹೆಂಗಸರ ಸ್ವಭಾವವೂ ತಾಯಿಯಿಂದ ಮಗಳಿಗೆ ಬರುತ್ತದೆಯೇ ಎಂದು ಪರೀಕ್ಷೆ ಮಾಡಲು ಒಬ್ಬರು ಡಾಕ್ಟರಮ್ಮ ಆಸ್ಪತ್ರೆಗೆ ಬಂದಿದ್ದರು. ಹೆಣದಕ್ಕನಿಗೆ ಆ ಉಸಾಬರಿಯೇ ಬೇಕಿರಲಿಲ್ಲ. ಆದರೆ ಅವಳ ಮಗಳು ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. "ನೀನು ರಕ್ತ ಕೊಡು, ಮಗಳ ವಿಷಯ ಮೇಟ್ರನ್ ಹತ್ರ ನಾನು ಮಾತಾಡ್ತೀನಿ," ಎಂದಿದ್ದರು ಡಾಕ್ಟರಮ್ಮ. ಆ ಒಂದು ಮಾತಿಗೆ ಅವಳು ಕೈ ಬೇಕಾದರೂ ಕೊಯ್ದು ಕೊಡುತ್ತಿದ್ದಳು.

"ಒಬ್ಬಳೇ ಇರೋಕೆ ಇಷ್ಟಪಡ್ತೀಯಾ? ಹೌದು, ಇಲ್ಲ, ಅಷ್ಟೇ ಹೇಳು."

"ಯಾರೂ ಹತ್ರ ಬರಲ್ಲ ಸಾರ್."

"ಹೌದು ಅಂತ ಬರ್ಕೊಂಡೆ. ಎದುರಿಗೆ ಯಾರೂ ಇಲ್ಲದಾಗ ಮಾತಾಡೋ ಅಭ್ಯಾಸ ಇದೆಯಾ?"

ಅವಳು ಯೋಚಿಸಿದಳು. ಕತ್ತಿ ಇಡುವ ಮುಂಚೆ ಪ್ರತಿ ಹೆಣಕ್ಕೂ "ಸ್ವಲ್ಪ ತಡ್ಕೊಳಪ್ಪಾ", ಹೊಲಿದಾದ ಮೇಲೆ "ಆಯ್ತು ಕಂದಾ, ಮುಗೀತು" ಅನ್ನುವುದು ಅವಳ ರೂಢಿ. ಇಡೀ ದಿನ ಅವಳು ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಅದೇ ಆಗಿತ್ತು. ಎದುರಿಗೆ ಇದ್ದಾರೆ ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯಲಿಲ್ಲ.

"ಇದೆ," ಅಂದಳು.

"ಕೋಪ ಬೇಗ ಬರುತ್ತಾ?"

"ಇನ್ನೂ ಬಂದಿಲ್ಲ."

"ನಿಮ್ಮಮ್ಮ ಕುಡೀತಿದ್ಳಾ?"

"ಕುಡೀತಿದ್ಳು."

"ಅವಳಮ್ಮ?"

"ಅವಳೂ. ಇಬ್ರೂ ಇಲ್ಲೇ ಕೆಲಸಕ್ಕಿದ್ರು ಸಾರ್. ಅದೇ ಕೋಣೆ, ಅದೇ ಕಲ್ಲು ಮೇಜು. ಅದನ್ನೂ ಬರ್ಕೊಳ್ಳಿ."

"ಅದಕ್ಕೆ ಜಾಗ ಇಲ್ಲ. ಮೊದಲನೇ ಸಲ ಕುಡಿದಾಗ ವಯಸ್ಸೆಷ್ಟು?"

"ಹದಿನಾರು. ಕೊಟ್ಟವರು ಯಾರು ಅಂತ ಕೇಳಲ್ವಾ?"

"ಇಲ್ಲ," ಎಂದು ಅವನು ಹಾಳೆ ತಿರುಗಿಸಿದ.

ಹದಿನಾರರಲ್ಲಿ ಅವಳು ಅಮ್ಮನಿಗೆ ನೀರು ಎತ್ತಿಕೊಡಲು ಹೋಗಿದ್ದಳು. ಆವತ್ತು ಮೇಜಿನ ಮೇಲೆ ನೀರಲ್ಲಿ ಐದು ದಿನ ಕೊಳೆತಿದ್ದ ಗಂಡಸು. ಡಾಕ್ಟರು ಬಾಗಿಲಾಚೆ ಮೂಗಿಗೆ ಕರವಸ್ತ್ರ ಒತ್ತಿ ನಿಂತು, ಇಲ್ಲಿ ಕೊಯ್ಯಿ, ಅಲ್ಲಿ ಬಿಡಿಸು ಎನ್ನುವರು, ಅಮ್ಮ ಕೊಯ್ಯುವಳು. ಹುಡುಗಿ ವಾಂತಿ ಮಾಡಿಕೊಂಡಳು. "ಮೊದಲನೇ ಸಲ ಅಲ್ವಾ, ಎರಡು ಗುಟುಕು ಕೊಡು, ತಡ್ಕೋತಾಳೆ," ಎಂದರು ಡಾಕ್ಟರು. ಅಂದಿನಿಂದ ಕೊಳೆತ ಹೆಣದ ಕಾಗದದ ಜೊತೆಗೇ ಆಫೀಸಿನಿಂದ ಒಂದು ಕ್ವಾರ್ಟರ್ ಬಾಟಲಿಯೂ ಅವಳ ಪಾಲಿಗೆ ಬರತೊಡಗಿತು. ಡಾಕ್ಟರುಗಳು ಬದಲಾದರು, ಬಾಟಲಿ ಬದಲಾಗಲಿಲ್ಲ. ಹೆಣ ಬಾರದ ದಿನ ಅವಳೇ ಹೋಗಿ ಕೊಂಡು ಕುಡಿಯುವಂತಾಗಲು ಎರಡು ವರ್ಷ ಹಿಡಿಯಿತು.

ಫಾರಮ್ಮಿನಲ್ಲಿ ಜಾಗವಿಲ್ಲದ ಮಾತು ಇನ್ನೊಂದಿತ್ತು. ಅದನ್ನು ಅವಳು ಮಗಳಿಗೂ ಹೇಳಿರಲಿಲ್ಲ. ಸತ್ತಿದೆ ಎಂದು ಚೀಟಿ ಕಟ್ಟಿ ಯಾರೋ ಶವಾಗಾರಕ್ಕೆ ತಂದು ಹಾಕಿ ಹೋದ ಕೂಸು ಅವಳು. ಅಮ್ಮ ಬಟ್ಟೆ ಬಿಚ್ಚಿದಾಗ ಕಾಲಾಡಿಸಿತಂತೆ. ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಅಮ್ಮ ಸೆರಗಿನಲ್ಲಿ ಸುತ್ತಿ ಶವಾಗಾರದ ಹಿಂದಿದ್ದ ತನ್ನ ವಾಸದ ಕೋಣೆಗೆ ಒಯ್ದು ಸಾಕಿದಳು. "ಯಾರ ಹತ್ರಾನೂ ಬಾಯಿ ಬಿಡಬೇಡ. ನಾನು ಸತ್ತ ಮೇಲೆ ಈ ಕೆಲಸ, ಈ ಕೋಣೆ ಹೊಟ್ಟೇಲಿ ಹುಟ್ಟಿದ ಮಗಳಿಗೆ ಮಾತ್ರ," ಎಂದು ಒಂದು ಸಲ ಕುಡಿದಾಗ ಅತ್ತು ಹೇಳಿದ್ದಳು. ಹಾಗೇ ಆಯಿತು. ಕೆಲಸ, ಕೋಣೆ ಎರಡೂ ಮಗಳಿಗೆ ಬಂದವು.

ಹದಿನೈದು ದಿನಕ್ಕೆ ಕರೆ ಬಂತು. ಡಾಕ್ಟರಮ್ಮ ಬಹಳ ಖುಷಿಯಲ್ಲಿದ್ದರು. ಹಾಳೆಯ ಮೇಲೆ ಒಂದರ ಕೆಳಗೊಂದು ನಾಲ್ಕು ಸೊನ್ನೆ ಬರೆದು ಗೆರೆ ಎಳೆದಿದ್ದರು. ಮೂರಕ್ಕೆ ಕಪ್ಪು ಮಸಿ ತುಂಬಿತ್ತು.

"ನೋಡು, ಕಪ್ಪು ಅಂದ್ರೆ ಕುಡಿಯೋರು. ನಿಮ್ಮಜ್ಜಿ, ನಿಮ್ಮಮ್ಮ, ನೀನು. ಇಷ್ಟು ಸ್ಪಷ್ಟವಾಗಿ ಯಾವ ಮನೇಲೂ ಸಿಕ್ಕಿರಲಿಲ್ಲ. ಒಂಟಿತನ, ಹಟ, ತನ್ನಷ್ಟಕ್ಕೆ ಮಾತಾಡೋದು, ಎಲ್ಲ ಹೊಂದುತ್ತೆ."

"ಈ ನಾಲ್ಕನೇದು?"

"ನಿನ್ನ ಮಗಳು."

"ಅವಳು ಒಂದು ಹನಿ ಮುಟ್ಟಿಲ್ಲ ಅಮ್ಮಾ."

"ಇನ್ನೂ ಮುಟ್ಟಿಲ್ಲ," ಎಂದರು ಡಾಕ್ಟರಮ್ಮ, ಮೃದುವಾಗಿಯೇ. "ಈ ಹಾಳೆ ಮೇಟ್ರನ್ ನೋಡಿದ್ರು. ವಾರ್ಡಲ್ಲಿ ಔಷಧಿ ಕಪಾಟು, ಸ್ಪಿರಿಟ್ಟು, ಬೀಗದ ಕೈ ಎಲ್ಲ ಇರುತ್ತೆ. ಇಂಥ ರಕ್ತದವರ ಕೈಗೆ ಹೇಗೆ ಕೊಡೋದು ಅಂತಾರೆ. ಆದ್ರೆ ಹುಡುಗಿ ಬೀದಿಗೇನೂ ಬೀಳಲ್ಲ. ನಿನ್ನ ಕೆಲಸ ಮುಂದೆ ಅವಳಿಗೇ ಅಲ್ವಾ?"

ಹೆಣದಕ್ಕ ನಾಲ್ಕನೇ ಸೊನ್ನೆಯನ್ನೇ ನೋಡುತ್ತಾ ಕೂತಳು. ಅದರೊಳಗೆ ಮಗಳು ಕತ್ತಿ ಹಿಡಿದು ನಿಂತಂತೆ ಕಂಡಿತು. ಇಪ್ಪತ್ತೆಂಟು ವರ್ಷ ಹಲ್ಲುಕಚ್ಚಿ ಮುಚ್ಚಿಟ್ಟಿದ್ದ ಮಾತು ಬಾಯಿಂದ ಹೊರಗೆ ಬಿತ್ತು.

"ನಮ್ಮಮ್ಮ ನನ್ನ ಹೆತ್ತವಳಲ್ಲ. ನಾನು ಶವಾಗಾರದಲ್ಲಿ ಸಿಕ್ಕಿದವಳು. ಅಜ್ಜಿ ರಕ್ತಾನೂ ಇಲ್ಲ, ಅಮ್ಮನ ರಕ್ತಾನೂ ಇಲ್ಲ. ಅಳಿಸಿ ಅದನ್ನ."

ಡಾಕ್ಟರಮ್ಮನ ಮುಖ ಸಣ್ಣದಾಯಿತು. ಆಮೇಲೆ ಮೇಲಿನ ಎರಡು ಸೊನ್ನೆಗಳನ್ನು ಹೊಡೆದುಹಾಕಿದರು.

"ಸರಿ. ಹಾಗಾದ್ರೆ ನಿನ್ನಿಂದ ಶುರು ಮಾಡೋಣ," ಎಂದರು.

ಪಕ್ಕದಲ್ಲಿದ್ದ ಫಾರಂ ತುಂಬುವವನು ಆಗಲೇ ಎದ್ದು ಆಫೀಸಿನ ಕಡೆ ಹೊರಟಿದ್ದ. ಮಧ್ಯಾಹ್ನದೊಳಗೆ ಕಾಗದ ಬಂತು: ಸುಳ್ಳು ಹೇಳಿ ಕೆಲಸ ಹಿಡಿದದ್ದಕ್ಕೆ ವಜಾ, ಕೋಣೆ ತಿಂಗಳೊಳಗೆ ಖಾಲಿ. ಹೆಣದಕ್ಕ ಕೋಣೆಯ ಹೊಸ್ತಿಲ ಮೇಲೆ ಕೂತಳು. ಒಳಗೆ ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಬೆಳಿಗ್ಗೆಯಿಂದ ಹೆಣದಕ್ಕ ಕುಡಿದಿರಲಿಲ್ಲ.

ಆಸ್ಪತ್ರೆಯ ಜವಾನ ಬರುತ್ತಿದ್ದ. ಕೈಯಲ್ಲಿ ಕಾಗದ, ಕ್ವಾರ್ಟರ್ ಬಾಟಲಿ.

"ಬೀಗ ಹಾಕಿದ ಮನೇಲಿ ಸಿಕ್ಕಿದ ಹೆಣ, ವಾರ ಆಗಿದೆಯಂತೆ. ಶವಾಗಾರದ ಡಾಕ್ಟರು ಕಾಯ್ತಾ ಇದಾರೆ."

"ನನ್ನ ತೆಗೆದುಹಾಕಿದಾರಲ್ಲ."

"ಅದಕ್ಕೇ ಮಗಳನ್ನ ಕಳಿಸು ಅಂದ್ರು." ಜವಾನ ಬಾಟಲಿ ಮುಂದೆ ಚಾಚಿದ. "ಮೊದಲನೇ ಸಲ ಅಲ್ವಾ, ಎರಡು ಗುಟುಕು ಕೊಟ್ಟು ಕಳಿಸು ಅಂದ್ರು."

ಹೆಣದಕ್ಕ ಎದ್ದಳು. ಬಾಟಲಿ ಇಸಿದುಕೊಂಡಳು. ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು, ಸೊಂಟದಲ್ಲಿದ್ದ ಶವಾಗಾರದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ನಡೆದಳು. ಅದನ್ನು ವಾಪಸು ಕೇಳುವ ನೆನಪು ಯಾರಿಗೂ ಬಂದಿರಲಿಲ್ಲ.

ಡಾಕ್ಟರು ಬಾಗಿಲಾಚೆ ಮೂಗಿಗೆ ಕರವಸ್ತ್ರ ಒತ್ತಿ ನಿಂತಿದ್ದರು. "ಎಲ್ಲೇ ನಿನ್ನ ಮಗಳು?"

ಕೊಂಡಿಯಲ್ಲಿ ತೆರೆದೇ ತೂಗುತ್ತಿದ್ದ ಬೀಗವನ್ನು ಕೈಗೆ ತೆಗೆದುಕೊಂಡು ಅವಳು ಬಾಗಿಲು ತಳ್ಳಿದಳು. "ಹೆಣ ಹೇಗೆ ಮಲಗಿಸಿದಾರೆ, ಒಂದು ಸಲ ಒಳಗೆ ಬಂದು ನೋಡಿ ಸಾರ್."

ಅವರು ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟರು. ಕೊರಳು ಬಗ್ಗಿಸಿ ಕೆಮ್ಮಿದರು. ಅವಳು ಬಾಟಲಿಯನ್ನು ಅವರ ಕೋಟಿನ ಜೇಬಿಗೆ ತುರುಕಿ, ಬೆನ್ನಿಗೆ ಅಂಗೈ ಇಟ್ಟು ತಳ್ಳಿದಳು. ಬಾಗಿಲು ಎಳೆದು ಬೀಗ ಜಡಿದಳು.

"ಕತ್ತಿ ಮೇಜಿನ ಮೇಲಿದೆ," ಎಂದಳು. "ಎರಡು ಗುಟುಕು ಹಾಕ್ಕೊಳ್ಳಿ, ತಡ್ಕೋತೀರಾ."

ಡಾಕ್ಟರು ಒಳಗಿನಿಂದ ಬಾಗಿಲು ಬಡಿದರು. "ಬೋಳಿಮುಂಡೆ, ತೆಗಿಯೇ. ಹೆಣದ ಜೊತೆ ನಿನ್ನೂ ಹೂತುಹಾಕ್ತೀನಿ. ತೆಗಿ," ಎಂದು ಕಿರುಚಿದರು. ಆಮೇಲೆ ವಾಂತಿಯ ಸದ್ದು. ಅವಳ ಹಿಂದೆಯೇ ಬಂದಿದ್ದ ಜವಾನ ಓಡಿಹೋದ, ಯಾರನ್ನು ಕರೆತರಲೋ. ಹೆಣದಕ್ಕ ಮೆಟ್ಟಿಲ ಮೇಲೆ ಕೂತಳು.

ನಂತರ ಒಳಗಿನಿಂದ ಬಾಟಲಿಯ ಮುಚ್ಚಳ ಕಟಕ್ಕೆಂದು ತಿರುಗಿದ ಸದ್ದು ಬಂತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ನಾಲಿಗೆಯಲ್ಲೂ ನೀರೂರಿತು. ಅವಳು ಎರಡೂ ಕೈಯಲ್ಲಿ ಬೀಗದ ಕೈಯನ್ನು ಅದುಮಿ ಹಿಡಿದುಕೊಂಡು ಅಲ್ಲೇ ಕೂತಿದ್ದಳು.

"ಸ್ವಲ್ಪ ತಡ್ಕೊಳಪ್ಪಾ," ಎಂದಳು.