ಭಾನುವಾರದ ಮೊಟ್ಟೆ

ಅಮೆರಿಕದ ಯೂಟಾದ ಒಂದು ಕಣಿವೆಯಲ್ಲಿ, ಗುಡ್ಡದ ಮೇಲೆ ದೇವಾಲಯ ಕಟ್ಟುವ ಕೆಲಸ ಶುರುವಾದಾಗ, ಡೆನ್ಮಾರ್ಕಿನಿಂದ ಬಂದು ನೆಲೆಸಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹೆಂಗಸರೆಲ್ಲ ಸೇರಿ ಹರಕೆ ಹೊತ್ತರು: ಭಾನುವಾರ ಕೋಳಿ ಇಟ್ಟ ಮೊಟ್ಟೆಯೆಲ್ಲ ಕಲ್ಲು ಕೆಲಸದವರ ಅಡುಗೆಮನೆಗೆ.

ಬೂಟು ಹೊಲಿಯುವ ಯೆಪ್ಪೆಗೆ ಮೊದಮೊದಲು ತಕರಾರೇನೂ ಇರಲಿಲ್ಲ. ಆದರೆ ಅವನ ಮನೆಯ ಕೋಳಿಗಳು ವಾರವೆಲ್ಲ ಸುಮ್ಮನಿದ್ದು, ಭಾನುವಾರ ಬಂತೆಂದರೆ ಪೈಪೋಟಿಗೆ ಬಿದ್ದಂತೆ ಮೊಟ್ಟೆಯಿಡತೊಡಗಿದವು. ಹೆಂಡತಿ ಸಿಸೆಲ್ ಇದು ಪವಾಡವೆಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಯೆಪ್ಪೆ ತನ್ನ ಬರೀ ಗಂಜಿಯ ಬಟ್ಟಲು ನೋಡುತ್ತ, ಈ ಕೋಳಿಗಳಿಗೆ ದೀಕ್ಷಾಸ್ನಾನ ಮಾಡಿಸಿದವರು ಯಾರೋ ಎಂದು ಗೊಣಗಿದ.

ಕೊನೆಗೊಂದು ಭಾನುವಾರ ಅವನು ಸಿಸೆಲ್‌ಗಿಂತ ಮೊದಲೇ ಎದ್ದು, ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಕೋಳಿಗೂಡಿನ ಮೇಲೆ ಹೊದಿಸಿದ. ಕತ್ತಲಿದ್ದರೆ ಇನ್ನೂ ರಾತ್ರಿಯೆಂದುಕೊಂಡು, ಕೋಳಿಗಳು ಸೋಮವಾರದವರೆಗೆ ತಡೆದುಕೊಂಡಾವೆಂದು ಅವನ ಎಣಿಕೆ. ಹೊಟ್ಟೆನೋವೆಂದು ಪ್ರಾರ್ಥನೆಗೂ ಹೋಗದೆ ಕಾವಲು ಕೂತ.

ಪ್ರಾರ್ಥನೆ ಮುಗಿಸಿ ಬಂದ ಸಿಸೆಲ್ ಒಬ್ಬಳೇ ಬರಲಿಲ್ಲ. ಊರಿನ ಹಿರಿಯ ಬಿಷಪ್ ಲಿಂಡ್ ಅವರನ್ನು, ಪವಾಡದ ಕೋಳಿಗಳನ್ನು ನೋಡಿ ಹರಸಲೆಂದು ಜೊತೆಗೆ ಕರೆತಂದಿದ್ದಳು. ಬಿಷಪ್ ಕೌದಿಯ ತುದಿ ಎತ್ತಿದ್ದೇ ತಡ, ಬೆಳಗಾಯಿತೆಂದುಕೊಂಡ ಹುಂಜ ಕೂಗುತ್ತ ಹಾರಿ ಅವರ ಹ್ಯಾಟಿನ ಮೇಲೆಯೇ ಕೂತಿತು.

ಹ್ಯಾಟನ್ನು ಬಿಡಿಸಿಕೊಂಡ ಬಿಷಪ್ ಏನಿದೆಲ್ಲ ಎಂದು ಕೇಳಿದರು. ಯೆಪ್ಪೆ ಹೇಳಿದ: "ಭಾನುವಾರ ಯಾರೂ ದುಡೀಬಾರದು ಅಂತ ನೀವೇ ತಾನೆ ಹೇಳೋದು, ಬಿಷಪ್ಪರೇ? ಮೊಟ್ಟೆ ಇಡೋದೂ ದುಡಿಮೇನೆ. ಪಾಪ, ಕೋಳಿಗೂ ಒಂದು ರಜ ಬೇಡ್ವಾ?"

ಬಿಷಪ್ ಗಡ್ಡ ನೀವಿಕೊಳ್ಳುತ್ತ ಸಿಸೆಲ್ ಕಡೆ ತಿರುಗಿದರು.

ಉತ್ತರ ಸಿಸೆಲ್ ಬಳಿ ಇತ್ತು. "ಇವನಿಗೆ ಮೊಟ್ಟೆ ತಿನ್ನೋ ಚಪಲ ಅಷ್ಟೇ. ಮೊಟ್ಟೆ ಎಲ್ಲಿಗೆ ಹೋಗುತ್ತೋ ಇವನನ್ನೂ ಅಲ್ಲಿಗೇ ಕಳಿಸಿ. ಕಲ್ಲು ಹೊತ್ತು ತಿನ್ಲಿ."

ಬಿಷಪ್ ಅದನ್ನೇ ತೀರ್ಪು ಮಾಡಿದರು: ಒಂದು ತಿಂಗಳು ಕಲ್ಲು ಕೆಲಸ. ಯೆಪ್ಪೆ ಮರುದಿನವೇ ಗುಡ್ಡ ಹತ್ತಿ, ಮಧ್ಯಾಹ್ನ ಕೆಲಸಗಾರರ ಸಾಲಿನಲ್ಲಿ ಕೂತ. ತಟ್ಟೆಗೆ ಬಂದದ್ದು ತನ್ನ ಮನೆಯ ಮೊಟ್ಟೆಯೇ ಇರಬೇಕೆಂದು ಹೊಟ್ಟೆ ತುಂಬ ತಿಂದ. ಶಿಕ್ಷೆಯ ಅವಧಿ ಮುಗಿದರೂ ಗುಡ್ಡ ಬಿಡಲಿಲ್ಲ. ಕಲ್ಲು ಹೊರುವವರ ಹರಟೆ ಅವನಿಗೆ ಹಿಡಿಸಿತ್ತು. ಹರಿದ ಬೂಟುಗಳಿಗೂ ಅಲ್ಲಿ ಬರವಿರಲಿಲ್ಲ. ಹೀಗೆ ವರ್ಷಗಳೇ ಕಳೆದವು.

ದೇವಾಲಯ ತೆರೆದ ಮೇಲೆ, ತಮ್ಮ ಪಂಥದ ಪದ್ಧತಿಯಂತೆ ಮದುವೆಯನ್ನು ಸಾವಿನಾಚೆಗೂ ಗಟ್ಟಿ ಮಾಡಿಕೊಳ್ಳಲು ದಂಪತಿಗಳು ಬಾಗಿಲಲ್ಲಿ ಸಾಲುಗಟ್ಟಿದರು. ತಮ್ಮ ಸರದಿ ಹತ್ತಿರ ಬಂದಾಗ ಸಿಸೆಲ್ ಗಂಡನ ತೋಳು ಹಿಡಿದಳು.

"ಈಗಲೇ ಯೋಚನೆ ಮಾಡ್ಕೊ ಮಾರಾಯ. ಇದು ಸಾಯೋವರೆಗಲ್ಲ, ಆಮೇಲೂ ನಾನೇ."

"ಈ ಗುಡ್ಡ ಹತ್ತಿ ಹತ್ತಿ ನನ್ನ ಮಂಡಿ ಹೋಗಿದೆ ಕಣೆ," ಎಂದ ಯೆಪ್ಪೆ. "ಇನ್ನು ಕೆಳಗಿಳಿದು ಬೇರೆಯವಳನ್ನ ಹುಡುಕೋಕೆ ಯಾರ ಕೈಲಾಗುತ್ತೆ?"

ಸಿಸೆಲ್ ನಗು ತಡೆಯಲಾರದೆ ಸೆರಗಿನಂತೆ ಶಾಲಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಒಳಗಿನಿಂದ ಅವರ ಹೆಸರು ಕರೆದರು.